ಬಿರುಗಾಲಿ

ಸೀಟುಮಾಸ್ತರರು ಆಗಲೇ ಅರ್ಧ ಹೊಲಿಗೆ ಬಿಚ್ಚಿಬಿಟ್ಟಿದ್ದರು. ನಡುಮನೆಯ ನೆಲದ ಮೇಲೆ ಮಂಡಿಯೂರಿ, ಖಾಲಿ ಶವಪೆಟ್ಟಿಗೆಯೊಳಗೆ ಎದೆಯವರೆಗೂ ಬಾಗಿ, ಅಂಗಡಿಯವನು ಕೂರಿಸಿಕೊಟ್ಟಿದ್ದ ಬಿಳಿ ಮೆತ್ತೆಯ ದಾರವನ್ನು ಇಕ್ಕಳದಿಂದ ಎಳೆಯುತ್ತಿದ್ದರು. ಕಾರು ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದ ಅವರಿಗೆ ಈಗ ಎಂಬತ್ತು ದಾಟಿತ್ತು. ಬಗ್ಗಿದವರು ಮತ್ತೆ ಏಳುತ್ತಾರೋ ಇಲ್ಲವೋ ಎಂದು ಕುರ್ಚಿಗಳಲ್ಲಿ ಕೂತಿದ್ದ ನೆರೆಹೊರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇದನ್ನ ಮೆತ್ತೆ ಅಂತ ಯಾವ ಪುಣ್ಯಾತ್ಮ ಕರೆದ?” ಪೆಟ್ಟಿಗೆಯ ಒಳಗಿಂದ ಅವರ ದನಿ ಬಂತು. “ಹತ್ತಿಯೆಲ್ಲ ಕಾಲ ಕಡೆ ಗುಡ್ಡೆ ಬಿದ್ದಿದೆ. ತಲೆ ಕೆಳಗೆ ಬರೀ ಹಲಗೆ. ಮುಟ್ಟಿ ನೋಡು ಮಗಳೇ, ಮುಟ್ಟಿ ನೋಡು.”

“ಹನ್ನೊಂದಕ್ಕೆ ವ್ಯಾನು ಬರುತ್ತೆ ಮಾವ,” ಎಂದಳು ತೀರಿಕೊಂಡವರ ಮಗಳು.

“ಬಂದ್ರೆ ಕಾಯ್ಲಿ. ಮೂವತ್ತು ವರ್ಷ ನಾನು ಹೊಲಿದ ಸೀಟಿನ ಮೇಲೆ ಕೂತು ನನ್ನ ಹೊಲಿಗೆಗೇ ಹೆಸರಿಡ್ತಿದ್ದ ನಿಮ್ಮಪ್ಪ. ಈಗ ಇದರ ಮೇಲೆ ಮಲಗಿಸಿ ಕಳಿಸಿದ್ರೆ ಸುಮ್ಮನಿರ್ತಾನಾ?”

ಮಗಳು ಮುಟ್ಟಿ ನೋಡಲಿಲ್ಲ. ಎರಡು ದಿನದಿಂದ ಅವಳಿಗೆ ಎಲ್ಲವೂ ಗೋಜಲಾಗಿತ್ತು. ಮೊನ್ನೆ ಸಂಜೆ ಅಪ್ಪ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಹಾಗೇ ಬಾಗಿಲಿಗೆ ಒರಗಿ ಕೂತುಬಿಟ್ಟಿದ್ದರು. ಎಂಬತ್ಮೂರು ವರ್ಷ. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಎಲ್ಲಿಗೆ ಹೊರಟಿದ್ದರು ಎಂದು ಕೇಳಿದರೆ ತಾಯಿ ತಲೆಯಾಡಿಸಿದ್ದರು, ಅಷ್ಟೇ. ತಾಯಿಯದು ಎಷ್ಟೋ ವರ್ಷದಿಂದ ಮಾತು ಕಡಿಮೆ. ಈಗ ಒಳಕೋಣೆಯಲ್ಲಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಮಂಚದ ಮೇಲೆ ಅಪ್ಪ ಇದ್ದರು.

ಊರಿನವರಿಗೆ ಅವರು ಬಿಲ್ಲೆಯವರು. ಕಾರು ಕಾರ್ಖಾನೆಯ ಹಿಂಭಾಗದಲ್ಲಿ ಒಂದು ಚಿಕ್ಕ ಕೋಣೆಯಿತ್ತು. ಮೂವತ್ತೆಂಟು ವರ್ಷ ಅವರು ಅಲ್ಲಿ ಕೂತು ಹಿತ್ತಾಳೆ ತಗಡಿನ ಮೇಲೆ ಅಕ್ಷರ ಕೊರೆದು, ಬಣ್ಣ ತುಂಬಿ, ಒಲೆಯಲ್ಲಿ ಸುಟ್ಟು, ಕಾರಿನ ಮೂತಿಗೆ ಹಚ್ಚುವ ಹೆಸರಿನ ಬಿಲ್ಲೆಗಳನ್ನು ಮಾಡಿದ್ದರು. ಆ ಕಾಲಕ್ಕೆ ಕಾರ್ಖಾನೆ ಪಂದ್ಯದ ಕಾರುಗಳಿಗೆ ಹೆಸರಾಗಿತ್ತು. ಮೇಲೆ ಸೂರಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ. ಎರಡು ಸೀಟು, ಇಂಜಿನ್ನಿನ ಮುಚ್ಚಳಕ್ಕೆ ಅಡ್ಡಲಾಗಿ ಬಿಗಿದ ಚರ್ಮದ ಪಟ್ಟಿ, ಹಿಂದೆ ಬೆನ್ನಿಗೆ ಕಟ್ಟಿದ ಎರಡು ಗಾಲಿ. ದೊಡ್ಡ ಧಣಿಗೆ ಹೆಸರಿನ ಹುಚ್ಚು. ಇಂಜಿನ್ನು ಅದೇ ಇರುತ್ತಿತ್ತು. ಬಣ್ಣ ಬದಲಾದರೆ ಸಾಕು, ಹೊಸ ಹೆಸರು ಬೇಕು. ಕಾಡುಬೆಕ್ಕು, ಬೆಳ್ಳಿ ಗಿಡುಗ, ಮಿಂಚುಳ್ಳಿ, ಹಳದಿ ಕಣಜ. ಅವುಗಳಲ್ಲಿ ಇವತ್ತಿಗೂ ಮಕ್ಕಳ ಬಾಯಲ್ಲಿ ಉಳಿದಿರುವುದು ಒಂದೇ: ಬಿರುಗಾಲಿ.

ಬಾಗಿಲ ಬಳಿ ಕೆಮ್ಮಿದ ಸದ್ದಾಯಿತು. ಕಾರ್ಖಾನೆಯ ಈಗಿನ ಮ್ಯಾನೇಜರ್ ಬಂದಿದ್ದ. ಕಪ್ಪು ಕೋಟು, ಕೈಯಲ್ಲಿ ನಾಲ್ಕಾಗಿ ಮಡಿಸಿದ ಹಾಳೆ. ಪೆಟ್ಟಿಗೆಯೊಳಗೆ ಮುಖ ಹುದುಗಿಸಿದ್ದ ಮುದುಕರನ್ನು ಕಂಡು ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಮಣ್ಣು ಮಾಡೋವಾಗ ಎರಡು ಮಾತು ಓದೋಣ ಅಂತ ಬರೆದುಕೊಂಡು ಬಂದಿದ್ದೀನಿ,” ಎಂದು ಮಗಳ ಹತ್ತಿರ ಮೆಲ್ಲಗೆ ಹೇಳಿದ. “ನೀವು ಟೀಚರಲ್ವಾ, ಒಂದ್ಸಲ ಕಣ್ಣಾಡಿಸಿಬಿಟ್ರೆ…”

ಮಗಳು ಓದಿದಳು. ‘ನಮ್ಮ ಸಂಸ್ಥಾಪಕರಾದ ದೊಡ್ಡ ಧಣಿಯವರು ಆಳವಾಗಿ ಆಲೋಚಿಸಿ ಇಟ್ಟ ಬಿರುಗಾಲಿ ಎಂಬ ಹೆಸರನ್ನು ಹಿತ್ತಾಳೆಯಲ್ಲಿ ಮೂಡಿಸಿದ ಕೈ ಇಂದು ತಣ್ಣಗಾಗಿದೆ.’

“ಇದು ತಪ್ಪು,” ಎಂದಳು. “ಧಣಿ ಇಟ್ಟಿದ್ದು ಬಿರುಗಾಳಿ ಅಂತ. ಅದು ಗಾಲಿ ಆಗಿದ್ದು ನನ್ನಿಂದ.”

ಕುರ್ಚಿಗಳಲ್ಲಿದ್ದವರು ತಲೆಯೆತ್ತಿದರು. ಪೆಟ್ಟಿಗೆಯೊಳಗೆ ಇಕ್ಕಳದ ಸದ್ದು ನಿಂತಿತು.

“ಆಗ ನನಗೆ ಆರು ವರ್ಷ. ಮುಂದಿನ ಹಲ್ಲು ಬಿದ್ದಿತ್ತಂತೆ. ಅಪ್ಪ ಬಿರುಗಾಳಿ ಅನ್ನು ಅಂದ್ರೆ ನಾನು ಬಿರುಗಾಲಿ ಅಂದ್ನಂತೆ. ಅವರಿಗೆ ಅದೇ ಚೆಂದ ಅನ್ನಿಸಿ ಹಾಗೇ ಕೊರೆದರಂತೆ. ನನಗೆ ಎಷ್ಟು ಸಲ ಹೇಳಿದ್ದಾರೋ. ನಾನು ಪ್ರತಿ ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಕಲಿಸೋವಾಗ ಈ ಕತೆ ಹೇಳ್ತೀನಿ.”

ಸೀಟುಮಾಸ್ತರರು ಪೆಟ್ಟಿಗೆಯ ಅಂಚು ಹಿಡಿದು ನಿಧಾನಕ್ಕೆ ಮೇಲೆದ್ದರು. ಗಲ್ಲದ ಮೇಲೆ ಹತ್ತಿ ಅಂಟಿತ್ತು.

“ಹಾಗಂತ ಹೇಳಿದ್ನಾ ನಿನಗೆ?” ಎಂದರು. ಆಮೇಲೆ, “ಕಳ್ಳ,” ಎಂದು ಒಳಕೋಣೆಯ ಕಡೆ ನೋಡಿದರು.

*

ಅವತ್ತು ನಡೆದದ್ದನ್ನು ಸೀಟುಮಾಸ್ತರರು ಕಣ್ಣಾರೆ ಕಂಡಿದ್ದರು, ಈಗ ಅದನ್ನೇ ಹೇಳಿದರು. ಐವತ್ತು ವರ್ಷದ ಹಿಂದಿನ ಒಂದು ಭಾನುವಾರ. ಹತ್ತು ಗಂಟೆಗೆ ಪಂದ್ಯ. ಏಳು ಗಂಟೆಗೆ ಹೊಸ ಕಾರು ಷೆಡ್ಡಿನಲ್ಲಿ ನಿಂತಿತ್ತು, ಕೆಂಪು ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಸೀಟುಮಾಸ್ತರರು ಬಾಯಲ್ಲಿ ಮೊಳೆ ಕಚ್ಚಿಕೊಂಡು ಚಾಲಕನ ಸೀಟಿನ ಅಂಚು ಬಿಗಿಯುತ್ತಿದ್ದರು. ಬಿಲ್ಲೆಯನ್ನು ಒಬ್ಬ ಕೆಲಸಗಾರ ಆಗಷ್ಟೇ ಮೂತಿಗೆ ರಿವೆಟ್ ಹೊಡೆದು ಕೂರಿಸಿದ್ದ. ಕೂರಿಸಿದವನು ಓದುವ ಗೋಜಿಗೆ ಹೋಗಿರಲಿಲ್ಲ.

ದೊಡ್ಡ ಧಣಿ ಬಂದು, ಕನ್ನಡಕ ಹಾಕಿಕೊಂಡು, ಗಟ್ಟಿಯಾಗಿ ಓದಿದರು. “ಬಿರು… ಗಾಲಿ.”

ಷೆಡ್ಡಿನಲ್ಲಿದ್ದವರು ಒಬ್ಬೊಬ್ಬರೇ ಕಾರಿನ ಮೂತಿಯ ಕಡೆ ಬಂದರು.

“ಎಲ್ಲಿ ಅವನು?”

ಬಿಲ್ಲೆಯವರು ಮುಂದೆ ಬಂದರು. ಹದಿನೈದು ದಿನದ ಹಿಂದೆ ಬಣ್ಣ ಸುಡುವ ಒಲೆಯ ಬಾಗಿಲಿಗೆ ತಗುಲಿ ಅವರ ಬಲ ಅಂಗೈ ಬೆಂದಿತ್ತು. ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಬಾಗಿ ಬಿಲ್ಲೆ ನೋಡಿದರು. ಮಾಸ್ತರರಿಗೆ ಅವರ ಮುಖ ಕಾಣಲಿಲ್ಲ. ಒಂದು ಕಿವಿ ಮಾತ್ರ ಕಂಡಿತು. ಅದು ಕೆಂಪಾಯಿತು.

“ಗಾಳಿ ಅಂತ ಹೇಳಿ ಕಳಿಸಿದ್ದೆ. ಗಾಳಿ!”

“ಹೌದು ಧಣಿ.”

“ಮತ್ತೆ ಇದೇನು?”

ಬಿಲ್ಲೆಯವರು ನೆಟ್ಟಗಾದರು. “ನಾವು ಮಾರೋದು ಗಾಳಿ ಅಲ್ಲವಲ್ಲ ಧಣಿ,” ಎಂದರು. “ಗಾಲಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಧಣಿ ನಗಲಿಲ್ಲ. “ನಾಳೆಯಿಂದ ಬರಬೇಡ,” ಎಂದು ಹೇಳಿ ಹೋದರು. ಬೇರೆ ಬಿಲ್ಲೆ ಮಾಡಲು ಹೊತ್ತಿರಲಿಲ್ಲ. ಕಾರು ಹಾಗೇ ಪಂದ್ಯಕ್ಕೆ ಹೋಯಿತು, ಎರಡನೆಯದಕ್ಕಿಂತ ಎಂಟು ನಿಮಿಷ ಮೊದಲೇ ಬಂತು. ಸಾವಿರಾರು ಜನ ಬೇಲಿ ಹಿಡಿದು ಬಿರುಗಾಲಿ ಬಿರುಗಾಲಿ ಎಂದು ಕೂಗಿದರು. ಸೋಮವಾರದ ಪತ್ರಿಕೆಯಲ್ಲಿ ಅದೇ ಅಚ್ಚಾಯಿತು. ಬರಬೇಡ ಎನ್ನಿಸಿಕೊಂಡ ಮನುಷ್ಯ ಸೋಮವಾರ ಬಂದು ತನ್ನ ಬೆಂಚಿನ ಮೇಲೆ ಕೂತ. ಏಳು ಎನ್ನಲು ಯಾರೂ ಬರಲಿಲ್ಲ.

*

“ಅವತ್ತು ಮಧ್ಯಾಹ್ನ ನಾನೇ ಕೇಳಿದೆ, ಯಾಕೋ ಹಾಗೆ ಮಾಡ್ದೆ ಅಂತ,” ಎಂದರು ಸೀಟುಮಾಸ್ತರರು, ವಕ್ರ ಸೂಜಿಗೆ ದಾರ ಪೋಣಿಸುತ್ತ. “ಬಲಗೈ ಸುಟ್ಟಿತ್ತಲ್ಲ. ಆರು ವಾರ ತಗಡು ಮನೆಗೆ ತಗೊಂಡು ಹೋಗಿ ಎಡಗೈಯಲ್ಲೇ ಕೊರೆದು ತರ್ತಿದ್ದ. ಕಾರ್ಖಾನೆಯಲ್ಲೆಲ್ಲ ಅದೇ ಮಾತು, ಎಂಥಾ ಗಟ್ಟಿಗ ಅಂತ. ‘ಎಡಗೈಗೆ ಳಿ ತಿರುವು ಬರ್ಲಿಲ್ಲ ಕಣೋ, ಲಿ ಸುಲಭ, ಯಾರಿಗೂ ಹೇಳ್ಬೇಡ’ ಅಂದ. ಇವತ್ತಿನವರೆಗೂ ನಾನು ಬಾಯಿ ಬಿಟ್ಟಿಲ್ಲ.”

“ಎಡಗೈಯಲ್ಲಾ?” ಎಂದಳು ಮಗಳು.

ಅವಳು ಇನ್ನೂ ಏನೋ ಕೇಳುವವಳಿದ್ದಳು. ಅಷ್ಟರಲ್ಲಿ ಹೊರಗಿನಿಂದ, “ಮನೆ ಇದೇ ತಾನೇ?” ಎಂದು ಯಾರೋ ಬೀದಿಗೆಲ್ಲ ಕೇಳುವಂತೆ ಕೂಗಿದರು. ಧೂಳಣ್ಣ. ಬಿರುಗಾಲಿಯನ್ನು ಆ ಭಾನುವಾರ ಓಡಿಸಿ ಗೆದ್ದವರು ಅವರೇ. ಆಮೇಲೆ ಹನ್ನೆರಡು ವರ್ಷ ಪಂದ್ಯ ಓಡಿಸಿದ್ದರು. ಇಂಜಿನ್ನಿನ ಪಕ್ಕ ಕೂತೂ ಕೂತೂ ಎರಡು ಕಿವಿಯೂ ಹೋಗಿದ್ದವು. ಬಸ್ಸಿಳಿದು ನಡೆದು ಬಂದಿದ್ದರಿಂದ ಏದುಸಿರು ಬಿಡುತ್ತಿದ್ದರು.

“ಬನ್ನಿ. ಹೆಸರಿನ ವಿಷಯ ಮಾತಾಡ್ತಿದ್ವಿ,” ಎಂದ ಮ್ಯಾನೇಜರ್.

“ಬಸಿರಾ? ಯಾರು?”

“ಹೆಸರು! ಬಿರುಗಾಲಿ!” ಎಂದು ಮಾಸ್ತರರು ಅವರ ಕಿವಿಯ ಹತ್ತಿರ ಅರಚಿದರು.

ಧೂಳಣ್ಣನ ಮುಖ ಸಡಿಲವಾಯಿತು. ಕುರ್ಚಿಯ ಮೇಲೆ ಕೂತು ಟೊಪ್ಪಿಯನ್ನು ಮಂಡಿಯ ಮೇಲಿಟ್ಟುಕೊಂಡರು. “ನಿಮಗ್ಯಾರಿಗೂ ಗೊತ್ತಿಲ್ಲ ಅದು,” ಎಂದರು. “ಅದರ ಹಿಂದಿನ ವರ್ಷ ಹಳದಿ ಕಣಜ ಓಡಿಸಿದ ಇಬ್ಬರೂ ತಿರುವಿನಲ್ಲಿ ಸತ್ತಿದ್ರು. ನನಗೆ ಅದೇ ಭಯ. ಹತ್ತೋಕೆ ಮುಂಚೆ ಬಿಲ್ಲೆಯೋನು ಹತ್ರ ಬಂದು ಕಿವೀಲಿ ಹೇಳ್ದ. ‘ಗಾಳಿ ಹೋದ್ರೆ ಹೋಯ್ತು. ಗಾಲಿ ಸುತ್ತಿಕೊಂಡು ಮತ್ತೆ ಅಲ್ಲಿಗೇ ಬರುತ್ತೆ. ನೀನು ತಿರುಗಿ ಬರಲಿ ಅಂತಲೇ ಹಂಗೆ ಕೊರೆದಿದ್ದೀನಿ, ಹೋಗಿ ಬಾ’ ಅಂದ.” ಕಣ್ಣು ಒರೆಸಿಕೊಂಡರು. “ಆಗ ನನಗೆ ಕಿವಿ ಕೇಳ್ತಿತ್ತು.”

ಮ್ಯಾನೇಜರ್ ತನ್ನ ಹಾಳೆಯನ್ನು ತಿರುಗಿಸಿ ಖಾಲಿ ಬೆನ್ನನ್ನು ನೋಡಿದ.

“ಹಾಗಾದ್ರೆ ನಾನು ಯಾವುದನ್ನ ಓದ್ಲಿ?”

ಮಗಳು ಬೇರೊಂದು ಲೆಕ್ಕಾಚಾರದಲ್ಲಿ ಸಿಕ್ಕಿಬಿದ್ದಿದ್ದಳು. ಹಲ್ಲು ಬಿದ್ದ ಮಕ್ಕಳನ್ನು ಅವಳು ಮೂವತ್ತೆರಡು ವರ್ಷದಿಂದ ನೋಡುತ್ತಿದ್ದಾಳೆ. ಅವರ ಬಾಯಲ್ಲಿ ಸ ಜಾರುತ್ತದೆ, ತ ಜಾರುತ್ತದೆ. ಳ ಎಲ್ಲಿಗೂ ಹೋಗುವುದಿಲ್ಲ. ಳ ಹುಟ್ಟುವುದು ಹಲ್ಲಿನ ಹತ್ತಿರವಲ್ಲ. ನಾಲಿಗೆ ಹಿಂದಕ್ಕೆ ಮಡಚಿ ಅಂಗುಳ ಮುಟ್ಟಿದಾಗ. ಇದನ್ನು ಕಪ್ಪು ಹಲಗೆಯ ಮೇಲೆ ಬಾಯಿಯ ಚಿತ್ರ ಬರೆದು ಅವಳೇ ತೋರಿಸಿದ್ದಾಳೆ, ಅದೇ ಗಂಟೆಯಲ್ಲಿ ಆ ಕತೆಯನ್ನೂ ಹೇಳಿದ್ದಾಳೆ. ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಒಂದು ದಿನವಾದರೂ ಹೊಳೆದಿರಲಿಲ್ಲ.

ನಾಲಿಗೆ ಮಡಚು. ಈ ಮಾತನ್ನು ಅವಳು ಟೀಚರಾಗುವುದಕ್ಕಿಂತ ಎಷ್ಟೋ ಮೊದಲು ಬೇರೆ ಯಾರಿಗೋ ಹೇಳಿದ್ದಳು.

*

ಅವಳಿಗೆ ಎಂಟು ವರ್ಷ. ಶಾಲೆಯಿಂದ ನಾಲ್ವರು ಗೆಳತಿಯರನ್ನು ಕರೆತಂದಿದ್ದಳು. ಆಗ ಅಮ್ಮ ಬಾಯಿತುಂಬ ಮಾತಾಡುತ್ತಿದ್ದ ಹೆಂಗಸು. ಕೈ ಆಡಿಸಿ, ಕಣ್ಣು ಅರಳಿಸಿ, ಬೀದಿಯಲ್ಲಿ ಕಂಡ ನಾಯಿಯ ಕತೆಯನ್ನೂ ಅರ್ಧ ಗಂಟೆ ಎಳೆಯುತ್ತಿದ್ದಳು. ಮಕ್ಕಳಿಗೆ ಬಿಸ್ಕತ್ತು ಕೊಟ್ಟು, ಸಂಕೋಚದಿಂದ ಕೂತಿದ್ದ ಒಬ್ಬ ಹುಡುಗಿಯ ಗಲ್ಲ ಹಿಡಿದು, “ನೀನೊಂದು ಕತೆ ಹೇಲು,” ಎಂದಳು.

ನಾಲ್ವರೂ ನೆಲದ ಮೇಲೆ ಬಿದ್ದು ಹೊರಳಿ ನಕ್ಕರು. ಅವಳಿಗೆ ಮುಖ ಬಿಸಿಯಾಯಿತು. “ಹೇಲು ಅಲ್ಲಮ್ಮ,” ಎಂದು ಅಡಿಪಟ್ಟಿಯನ್ನು ಕೋಲಿನಂತೆ ಹಿಡಿದು ಎದ್ದು ನಿಂತಳು. “ಹೇಳು. ಹೇ-ಳು. ನಾಲಿಗೆ ಮಡಚು. ಎಲ್ಲಿ, ಇನ್ನೊಂದ್ಸಲ.”

ಅಮ್ಮ ಇನ್ನೊಂದು ಸಲ ಹೇಳಿದಳು. ಮೂರನೆಯ ಸಲವೂ ಹೇಳಿದಳು. ಬರಲಿಲ್ಲ. ಮಕ್ಕಳ ಜೊತೆ ಅವಳೂ ನಕ್ಕಳು. ಕೆಲಸದಿಂದ ಬಂದು ಬೂಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಪ್ಪ ಮಾತ್ರ ನಗಲಿಲ್ಲ.

ಅಂದಿನಿಂದ ಆ ಪದ ಅಮ್ಮನ ಬಾಯಿಂದ ಹೋಯಿತು. ‘ಅನ್ನು’ ಎನ್ನುತ್ತಿದ್ದಳು, ‘ಮಾತಾಡು’ ಎನ್ನುತ್ತಿದ್ದಳು. ಆಮೇಲೆ ಒಂದೊಂದೇ ಬೇರೆ ಪದಗಳೂ ಹೋದವು. ಕೊನೆಗೆ ಹೂಂ, ಊಹೂಂ, ಬನ್ನಿ ಇಷ್ಟೇ ಉಳಿದವು, ‘ಕೂತ್ಕೊಳ್ಳಿ’ ಎನ್ನಬೇಕಾದ ಕಡೆ ಕೈಸನ್ನೆ. ಬಿಲ್ಲೆಯವರ ಹೆಂಡತಿ ಬಹಳ ಗಂಭೀರ ಎಂದು ಜನ ಹೇಳತೊಡಗಿದರು. ಮಗಳೂ ಹಾಗೇ ತಿಳಿದಿದ್ದಳು. ಬೇರೆ ರೀತಿ ಯೋಚಿಸಲು ಕಾರಣವೇ ಇರಲಿಲ್ಲ.

*

ಒಳಕೋಣೆಯಲ್ಲಿ ತಾಯಿ ಅಪ್ಪನ ಅಂಗಿಯ ಗುಂಡಿ ಸರಿಪಡಿಸುತ್ತಿದ್ದರು. ಮಗಳು ಬಾಗಿಲು ಮುಂದೆ ಮಾಡಿ ಮಂಚದ ಕಾಲ ಬಳಿ ನಿಂತಳು.

“ಅಮ್ಮ, ಕೈ ಸುಟ್ಟುಕೊಂಡಾಗ ಅಪ್ಪ ಎಡಗೈಯಲ್ಲಿ ಕೊರೀತಿದ್ರಾ?”

ತಾಯಿಯ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡಳು ಮಗಳು. ಅಳುತ್ತಿರಲಿಲ್ಲ.

“ಎಡಗೈಲಿ ಗುಂಡಿ ಹಾಕ್ಕೊಲ್ಲೋಕೂ ಬರ್ತಿರಲಿಲ್ಲ ಇವರಿಗೆ,” ಎಂದರು. “ಆರು ವಾರ ನಾನೇ ಹಾಕಿದ್ದೀನಿ.”

“ಮತ್ತೆ ಬಿಲ್ಲೆ?”

“ಅದನ್ನೂ ನಾನೇ.”

ಹೊರಗೆ ಸೀಟುಮಾಸ್ತರರು ಯಾರಿಗೋ ಮೇಣ ಹಚ್ಚಿದ ದಾರದ ಮಹಿಮೆ ವಿವರಿಸುತ್ತಿದ್ದರು. ತಾಯಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಅವರ ತಂದೆಗೆ ಗಡಿಯಾರದ ಬೆನ್ನಿಗೆ, ಬೆಳ್ಳಿ ಲೋಟಕ್ಕೆ ಹೆಸರು ಕೊರೆಯುವ ಕೆಲಸವಿತ್ತು ಎಂದು ಮಗಳಿಗೆ ಗೊತ್ತಿತ್ತು. ಆ ಅಜ್ಜ ಅಮ್ಮನ ಕೈಗೂ ಉಳಿ ಕೊಟ್ಟಿದ್ದ ಎಂದು ಗೊತ್ತಿರಲಿಲ್ಲ.

“ಕೈ ಸರಿಯಾಗೋವರೆಗೆ ಬೇರೆಯವರನ್ನ ಕೂರಿಸ್ತೀವಿ ಅಂದಿದ್ರಂತೆ. ಕೂತವರು ಏಲ್ತಾರಾ? ಅದಕ್ಕೇ ತಗಡು ಮನೆಗೆ ತಂದ್ರು. ನಾನು ಅಡುಗೆಮನೆ ಮೇಜಿನ ಮೇಲೆ ಕೊರೀತಿದ್ದೆ. ಇವರು ಪಕ್ಕದಲ್ಲಿ ಕೂತು ಸುಮ್ಮನೆ ನೋಡ್ತಿದ್ರು. ನಿನ್ನ ಕೈ ನನಗಿಂತ ಹಗುರ ಅಂತಿದ್ರು.” ಅವರು ಅಂಗಿಯ ಮೇಲಿನ ಒಂದು ನೂಲನ್ನು ತೆಗೆದು ಬೆರಳಿಗೆ ಸುತ್ತಿದರು. “ಬೇರೆ ಹೆಸರೆಲ್ಲ ಕಾಗದದ ಮೇಲೆ ಬರೆಸಿ ತರ್ತಿದ್ರು. ಅದೊಂದು ಮಾತ್ರ ಶನಿವಾರ ಮಧ್ಯಾಹ್ನ ಬಂತು. ಇವರು ಕಟ್ಟು ಬದಲಾಯಿಸೋಕೆ ಆಸ್ಪತ್ರೆಗೆ ಹೊರಟಿದ್ರು. ಬಾಗಿಲಲ್ಲಿ ನಿಂತು ಬಾಯಲ್ಲೇ ಅಂದು ಹೋದ್ರು. ನನ್ನ ಕಿವೀಲಿ ಹೆಂಗಿತ್ತೋ ಹಂಗೆ ಬರಕೊಂಡು ಕೊರೆದೆ.”

“ಅಪ್ಪ ಬಂದು ನೋಡ್ಲಿಲ್ವಾ?”

“ನೋಡಿದ್ರು. ಕಿಟಕಿ ಹತ್ರ ಹೋಗಿ ಬೆಲಕಿಗೆ ಹಿಡಿದು ನೋಡಿದ್ರು. ತುಂಬ ಹೊತ್ತು ನೋಡಿದ್ರು. ‘ಚೆನ್ನಾಗಿ ಬಂದಿದೆ’ ಅಂದ್ರು. ಬಟ್ಟೇಲಿ ಸುತ್ತಿ ಎತ್ತಿಟ್ರು.”

ಮಗ್ಗುಲ ಮನೆಯಲ್ಲಿ ಯಾರೋ ನಲ್ಲಿ ಬಿಟ್ಟರು. ತಾಯಿ ಬೆರಳಿಗೆ ಸುತ್ತಿದ್ದ ನೂಲನ್ನು ಬಿಚ್ಚಿ ನೆಲಕ್ಕೆ ಹಾಕಿದರು.

“ಎರಡು ವರ್ಷ ನನಗೆ ಅದು ಸರಿಯಾಗೇ ಇದೆ ಅಂತಿತ್ತು. ಆವತ್ತು ನೀನು ನಾಲಿಗೆ ಮಡಚು ಅಂದೆ ನೋಡು. ರಾತ್ರಿ ಮಲಗಿದಾಗ ಹೊಲೀತು.”

“ಅಮ್ಮ…”

“ನೀನು ಮಗು ಆಗ.” ತಾಯಿ ಕೈ ಬೀಸಿ ಆ ಮಾತನ್ನು ಅಲ್ಲಿಗೇ ಬಿಟ್ಟರು. “ಅದಲ್ಲ ನನಗೆ. ಇವರಿಗೆ ಕಾಣಲೇ ಇಲ್ಲವಾ? ಇಲ್ಲ, ಕಂಡೂ ಸುಮ್ಮನಾದ್ರಾ? ಕಂಡಿದ್ರೆ ತಿದ್ದಬಹುದಿತ್ತು. ಸಂಜೆ ಪೂರ್ತಿ ಇತ್ತು, ತಗಡೂ ಇತ್ತು. ನಾನು ಇನ್ನೊಂದು ಕೊರೀತಿದ್ದೆ. ಯಾಕೆ ಒಂದು ಮಾತು ಅನ್ನಲಿಲ್ಲ? ನಲವತ್ತೆಂಟು ವರ್ಷದಿಂದ ಕೇಲಬೇಕು ಅಂತ ಇದ್ದೆ.” ಅವರು ಮಂಚದ ಕಡೆ ನೋಡಿದರು. “ಕೇಲೋಕೂ ಆ ಅಕ್ಷರಾನೇ ಬೇಕಲ್ಲ.”

ಮಗಳು ಷೆಡ್ಡಿನ ಕತೆಯನ್ನು ಹೇಳಿದಳು. ಧಣಿ ಕೂಗಿದ್ದು, ನಾಳೆಯಿಂದ ಬರಬೇಡ ಎಂದದ್ದು, ಅಪ್ಪ ಕೊಟ್ಟ ಉತ್ತರ, ಆಮೇಲೆ ಮಾಸ್ತರರಿಗೆ ಒಂದು, ಧೂಳಣ್ಣನಿಗೆ ಇನ್ನೊಂದು ಕಾರಣ ಹೇಳಿದ್ದು. ಇದ್ಯಾವುದೂ ತಾಯಿಗೆ ಗೊತ್ತಿರಲಿಲ್ಲ. ಬಾಯಿ ತೆರೆದು ಕೇಳಿದರು.

“ಬಿಲ್ಲೆ ನೋಡಿದಾಗ ಅಪ್ಪನ ಕಿವಿ ಕೆಂಪಾಯ್ತಂತೆ.”

“ಕೆಂಪಾಯ್ತಾ?” ತಾಯಿ ಮುಂದೆ ಬಾಗಿದರು. “ಅಂದ್ರೆ ಅವಾಗಲೇ ಕಂಡಿದ್ದು, ಅಲ್ವಾ? ಶನಿವಾರ ಕಂಡಿರಲಿಲ್ಲ.”

“ಇರಬಹುದು.”

“ಆದ್ರೆ ಇವರಿಗೆ ಸಿಟ್ಟು ಬಂದ್ರೂ ಕಿವಿ ಕೆಂಪಾಗ್ತಿತ್ತು. ನಾಚಿಕೆಯಾದ್ರೂ ಅಷ್ಟೇ. ಸುಲ್ಲು ಹೇ…” ತಡೆದರು. “ಸುಲ್ಲಾಡಿದ್ರೂ ಕೆಂಪಾಗ್ತಿತ್ತು.”

ಇಬ್ಬರೂ ಮಂಚದ ಮೇಲಿದ್ದವರ ಕಿವಿಯನ್ನು ನೋಡಿದರು. ಅದು ಮೇಣದ ಬಣ್ಣಕ್ಕೆ ತಿರುಗಿತ್ತು.

“ಹೊರಗೆ ಅವರೆಲ್ಲ ಕೇಳ್ತಿದ್ದಾರೆ. ಏನಂತ ಹೇಳ್ಲಿ?”

“ಏನೂ ಬೇಡ. ಮಾಸ್ತರಿಗೆ ಒಂದು ಕೊಟ್ಟಿದ್ದಾರೆ, ಧೂಲಣ್ಣನಿಗೆ ಒಂದು, ನಿನಗೊಂದು. ಕಿತ್ತುಕೋಬೇಡ.” ತಾಯಿ ಕೊನೆಯ ಗುಂಡಿ ಹಾಕಿ, ಅಂಗಿಯನ್ನು ಅಂಗೈಯಿಂದ ಸವರಿದರು. “ನನಗೂ ಏನಾದ್ರೂ ಒಂದು ಅಂದು ಹೋಗಬಹುದಿತ್ತು. ಸುಲ್ಲಾದ್ರೂ ಸರಿ.”

*

ಮೆತ್ತೆ ಮುಗಿದಾಗ ಹನ್ನೆರಡಾಗಿತ್ತು. ಅಂಚಿಗೆ ಎರಡು ಸಾಲು ಹೊಲಿಗೆ, ತಲೆಯ ಕೆಳಗೆ ಒಂದು ಉಬ್ಬು. ಬಿಲ್ಲೆಯವರನ್ನು ಮಲಗಿಸಿದಾಗ ಮಾಸ್ತರರು ಕತ್ತಿನ ಕೆಳಗೆ ಕೈ ತೂರಿಸಿ ನೋಡಿ, “ಈಗ ಸರಿ,” ಎಂದರು. ಆಮೇಲೆ ಮೂಲೆಗೆ ಹೋಗಿ ಗೋಡೆಯ ಕಡೆ ತಿರುಗಿ ನಿಂತರು. ವ್ಯಾನಿನವನು ಮೂರು ಸಲ ಹಾರನ್ ಮಾಡಿ ಬೈಸಿಕೊಂಡ.

ಸ್ಮಶಾನ ಊರಾಚೆ, ಇಟ್ಟಿಗೆ ಗೂಡುಗಳನ್ನು ದಾಟಿದ ಮೇಲೆ. ಮಣ್ಣು ತೋಡಿ ಪಕ್ಕಕ್ಕೆ ಗುಡ್ಡೆ ಹಾಕಿದ್ದರು. ಮೂವತ್ತು ಜನ ಸೇರಿದ್ದರು. ಮ್ಯಾನೇಜರ್ ಹಾಳೆಯನ್ನು ಬಿಚ್ಚಿದ, ಮಡಿಸಿದ, ಕೊನೆಗೆ ಮಗಳ ಕಡೆ ನೋಡಿ, “ನೀವೇ ಹೇಳಿಬಿಡಿ,” ಎಂದ.

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಒಂದನೇ ಕ್ಲಾಸಿನಲ್ಲಿ ನಿಂತರೆ ತಾನಾಗಿ ಬರುವ ದನಿ ಇಲ್ಲಿ ಬರಲಿಲ್ಲ.

“ನಮ್ಮಪ್ಪ ಹಿತ್ತಾಳೆ ಮೇಲೆ ಅಕ್ಷರ ಕೊರೀತಿದ್ರು,” ಎಂದಳು. “ಬಿರುಗಾಲಿ ಅನ್ನೋ ಹೆಸರಿನಲ್ಲಿ ಆ ಒಂದು ಅಕ್ಷರ ಯಾಕೆ ಹಾಗಾಯ್ತು ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು. ಇವತ್ತು ಬೆಳಿಗ್ಗೆವರೆಗೂ ನನಗೂ ಗೊತ್ತಿತ್ತು.”

ಸೀಟುಮಾಸ್ತರರು ತಮಗೆ ಮಾತ್ರ ತಿಳಿದದ್ದನ್ನು ಅವಳು ಕಾಪಾಡಿದಳು ಎಂಬಂತೆ ನಿಧಾನಕ್ಕೆ ತಲೆಯಾಡಿಸಿದರು. ಧೂಳಣ್ಣ ಏನೂ ಕೇಳಿಸದಿದ್ದರೂ ಅದೇ ರೀತಿ ತಲೆಯಾಡಿಸಿ ಕಣ್ಣೊರೆಸಿಕೊಂಡರು. ತಾಯಿ ಶಾಲನ್ನು ಕತ್ತಿಗೆ ಬಿಗಿಯಾಗಿ ಸುತ್ತಿಕೊಂಡು ತೋಡಿದ ಗುಂಡಿಯನ್ನೇ ನೋಡುತ್ತಿದ್ದರು.

“ಅವರು ಯಾರಿಗೂ ಬೇಜಾರು ಮಾಡ್ತಿರಲಿಲ್ಲ,” ಎಂದಳು ಮಗಳು. ಅದೂ ನಿಜವೋ ಅಲ್ಲವೋ ಎಂದು ಅವಳಿಗೆ ಖಾತ್ರಿಯಿರಲಿಲ್ಲ. ಹಿಂದೆ ಸರಿದು ನಿಂತಳು. ಹಗ್ಗ ಬಿಟ್ಟರು.

ಎಲ್ಲ ಮುಗಿಸಿ ಜನ ಗೇಟಿನ ಕಡೆ ನಡೆದರು. ಅಲ್ಲಿ ಮರದ ನೆರಳಿನಲ್ಲಿ ಒಂದು ಲಾರಿ ನಿಂತಿತ್ತು. ಅದರಿಂದ ಇಳಿಸಿದ ಕೆಂಪು ಕಾರನ್ನು ಇಬ್ಬರು ಕೆಲಸಗಾರರು ಬಟ್ಟೆಯಿಂದ ಒರೆಸುತ್ತಿದ್ದರು. ಕಾರ್ಖಾನೆಯ ಗಾಜಿನ ಕೋಣೆಯಲ್ಲಿ ಇಷ್ಟು ವರ್ಷ ನಿಂತಿದ್ದ ಮೊದಲ ಬಿರುಗಾಲಿ. “ಒಂದು ಫೋಟೋಗೆ ಅಂತ ತರಿಸಿದ್ದು,” ಎಂದ ಮ್ಯಾನೇಜರ್. “ತಡವಾಗಿ ಬಂತು.”

ತಾಯಿ ಯಾರ ಕೈಯನ್ನೂ ಹಿಡಿಯದೆ ಕಾರಿನ ಮುಂದೆ ಹೋಗಿ ನಿಂತರು. ಬಾಗಿ ಬಿಲ್ಲೆಯ ಮೇಲೆ ತೋರುಬೆರಳಿಟ್ಟರು. ಮೊದಲ ಅಕ್ಷರದಿಂದ ಕೊನೆಯವರೆಗೆ, ಅಂಚು ಎಲ್ಲಾದರೂ ಒರಟಾಗಿದೆಯೇ ಎಂದು ನೋಡುವ ಕೆಲಸಗಾರರ ಬೆರಳಿನಂತೆ, ಅದು ನಿಧಾನವಾಗಿ ಸರಿಯಿತು. ಒಂದು ಕಡೆ ಉಗುರಿನಿಂದ ಕೆರೆದರು.

“ಹತ್ತಿ ಅತ್ತಿಗೆ!” ಎಂದು ಧೂಳಣ್ಣ ಕೂಗಿದರು. ಅವರು ಆಗಲೇ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಯಾವಾಗ ಹತ್ತಿದರೋ ಯಾರೂ ನೋಡಿರಲಿಲ್ಲ. “ಮನೆವರೆಗೆ ಬಿಡ್ತೀನಿ!”

“ಅಯ್ಯೋ, ಇಳೀರಿ, ಅದನ್ನ ಓಡಿಸೋ ಹಾಗಿಲ್ಲ,” ಎಂದು ಮ್ಯಾನೇಜರ್ ಓಡಿದ. “ಅದು ಸ್ಟಾರ್ಟೇ ಆಗಲ್ಲ!”

ಸೀಟುಮಾಸ್ತರರು ಅಷ್ಟರಲ್ಲಿ ಒಬ್ಬ ಕೆಲಸಗಾರನಿಗೆ ಇಂಜಿನ್ ಎಬ್ಬಿಸುವ ಮುಂದಿನ ಹಿಡಿ ತಿರುಗಿಸಲು ಹೇಳಿದ್ದರು. ಮೂರನೆಯ ಸುತ್ತಿಗೆ ಕಾರು ಕೆಮ್ಮಿತು, ನಾಲ್ಕನೆಯದಕ್ಕೆ ಗುಡುಗಿತು. ಮರದ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಐವತ್ತು ವರ್ಷದಲ್ಲಿ ಒಂದು ಸಲವೂ ಅಂಥ ಕಾರಿನಲ್ಲಿ ಕೂತಿರದ ತಾಯಿ ಮೆಟ್ಟಿಲ ಮೇಲೆ ಕಾಲಿಟ್ಟು, ಅಂಚು ಹಿಡಿದು ಹತ್ತಿ, ಶಾಲು ಸರಿಮಾಡಿಕೊಂಡರು.

ಮಗಳು ಹಿಂದೆ ವ್ಯಾನಿನಲ್ಲಿ, ಡ್ರೈವರನ ಪಕ್ಕ ಕೂತಿದ್ದಳು. ಪೆಟ್ಟಿಗೆ ಇದ್ದ ಜಾಗದಲ್ಲಿ ಈಗ ಸೀಟುಮಾಸ್ತರರು ಕಾಲು ಚಾಚಿ ನಿದ್ದೆ ಹೋಗಿದ್ದರು. ಮುಂದೆ ನೇರ ರಸ್ತೆ, ಎರಡೂ ಕಡೆ ಇಟ್ಟಿಗೆ ಗೂಡುಗಳು. ಕೆಂಪು ಕಾರು ನೂರು ಅಡಿ ದೂರದಲ್ಲಿ ಹೋಗುತ್ತಿತ್ತು. ಧೂಳಣ್ಣನ ತಲೆ ರಸ್ತೆಯ ಕಡೆಗೇ ನೆಟ್ಟಿತ್ತು. ತಾಯಿಯ ಮುಖ ಅವರ ಕಡೆ ತಿರುಗಿತ್ತು, ಶಾಲಿನ ತುದಿ ಹಿಂದೆ ಹಾರುತ್ತಿತ್ತು. ಬಾಯಿ ಅಲುಗುತ್ತಿತ್ತು. ಒಂದು ಗೂಡು ದಾಟಿತು, ಎರಡನೆಯದು ದಾಟಿತು, ಬಾಯಿ ನಿಲ್ಲಲಿಲ್ಲ. ಆಮೇಲೆ ಕೈ ಮೇಲೆ ಬಂತು. ಗಾಳಿಯಲ್ಲಿ ಏನನ್ನೋ ದುಂಡಗೆ ಬರೆದು ತೋರಿಸಿತು, ಅಳಿಸಿತು, ಮತ್ತೆ ಬರೆಯಿತು. ಧೂಳಣ್ಣ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು.

“ಅಮ್ಮ ಏನು ಹೇಳ್ತಿದ್ದಾರೆ?” ಎಂದ ಡ್ರೈವರ್. “ಬಿಡುವೇ ಇಲ್ಲ.”

ಮಗಳು ಕಿಟಕಿಯ ಗಾಜು ಪೂರ್ತಿ ಇಳಿಸಿ ಕತ್ತು ಹೊರಗೆ ಹಾಕಿದಳು. ಇಂಜಿನ್ನಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮುಂದಿನ ಕಾರಿನಲ್ಲಿ ತಾಯಿ ಎರಡೂ ಕೈ ಅಗಲಿಸಿ ಯಾವುದೋ ಒಂದರ ಅಳತೆ ತೋರಿಸಿ, ತಲೆ ಹಿಂದಕ್ಕೆ ಹಾಕಿ ನಕ್ಕು, ಮತ್ತೆ ಮಾತಿಗೆ ಹತ್ತಿದರು.